ಆ ಕಡೆಯ ಅರ್ಧ ಗಂಟೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ಸೋಮವಾರದಿಂದ ನಿನಗೆ ಲೇಬರ್ ರೂಮ್ ಡ್ಯೂಟಿ ಅಂತ ನಿನ್ನಮ್ಮ ಹೇಳಿದಳು. ಕೇಳಿ ತುಂಬಾ ಖುಷಿಯಾಯಿತು. ಆದರೆ ರಾತ್ರಿ ನಿದ್ದೆ ಹತ್ತಲಿಲ್ಲ. ಇಪ್ಪತ್ತೆಂಟು ವರ್ಷ ಅದೇ ಕೆಲಸ ಮಾಡಿದವಳು ನಾನು. ಮನೆಯಲ್ಲಿ ಯಾರಿಗೂ ಹೇಳದ ಒಂದು ಸಂಗತಿ ನಿನಗೆ ಹೇಳಬೇಕು.

ಕೆಲಸಕ್ಕೆ ಸೇರಿ ಎರಡನೇ ವರ್ಷ. ಚೊಚ್ಚಲ ಹೆರಿಗೆಗೆ ಬಂದ ಹುಡುಗಿ, ಹತ್ತೊಂಬತ್ತು ವರ್ಷ ಇದ್ದಿರಬಹುದು. ಮಗುವಿನ ತಲೆ ಕಾಣಿಸುತ್ತಿತ್ತು. ಅವಳು ಹೆದರಿ ಕಾಲು ಒಟ್ಟುಮಾಡಿಕೊಂಡಳು. ನಾನು ತೊಡೆಗೆ ಫಟ್ ಅಂತ ಹೊಡೆದೆ. "ಆಗ ಇಲ್ಲದ ನಾಚಿಕೆ ಈಗ ಯಾಕೆ?" ಅಂದೆ. ದಿನಾ ಕೇಳುತ್ತಿದ್ದ ಮಾತು, ಹಾಗೇ ಬಾಯಿಗೆ ಬಂತು. ಅವಳು ಕಿರುಚುವುದನ್ನು ನಿಲ್ಲಿಸಿದಳು. ಹೆರಿಗೆ ಆಯಿತು. ಮಗುವನ್ನು ಒರೆಸಿ ಅವಳ ಹತ್ತಿರ ತಂದೆ. ಅವಳು ಮೊದಲು ನೋಡಿದ್ದು ಮಗುವನ್ನಲ್ಲ, ನನ್ನ ಕೈಯನ್ನು. ಮತ್ತೆ ಹೊಡೆಯುತ್ತಾಳೇನೋ ಅನ್ನುವ ಹಾಗೆ.

ಕ್ಷಮೆ ಕೇಳಬೇಕು ಅಂತ ನನಗೆ ಹೊಳೆಯುವ ಹೊತ್ತಿಗೆ ಅವಳು ಡಿಸ್ಚಾರ್ಜ್ ಆಗಿ ಹೋಗಿದ್ದಳು.

ವಿಶ್ವ ಆರೋಗ್ಯ ಸಂಸ್ಥೆಯವರು ಘಾನಾ, ಗಿನಿ, ನೈಜೀರಿಯಾ ದೇಶಗಳ ಆಸ್ಪತ್ರೆಗಳಲ್ಲಿ 2,016 ಹೆಂಗಸರ ಹೆರಿಗೆಯನ್ನು ಪಕ್ಕದಲ್ಲೇ ಇದ್ದು ಗಮನಿಸಿದರು. 2019ರಲ್ಲಿ ಅದು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನೂರಕ್ಕೆ 42 ಜನರಿಗೆ ಬೈಗುಳ, ಹೊಡೆತ ಇಲ್ಲವೇ ಕೀಳಾಗಿ ಕಾಣುವುದು. ಚಿಕ್ಕ ವಯಸ್ಸಿನವರಿಗೆ, ಓದಿಲ್ಲದವರಿಗೆ ಇನ್ನೂ ಜಾಸ್ತಿ. ಮತ್ತೆ ಯಾವಾಗ ಹೆಚ್ಚು ಗೊತ್ತಾ? ಹೆರಿಗೆಗೆ 30 ನಿಮಿಷ ಮುಂಚಿನಿಂದ ಆಮೇಲಿನ 15 ನಿಮಿಷದವರೆಗೆ. ಇದನ್ನು ಓದಿದಾಗ ಆ ಹುಡುಗಿಯ ಕಣ್ಣು ನೆನಪಾಯಿತು. ನಾನು ಕೈ ಎತ್ತಿದ್ದೂ ಅದೇ ಹೊತ್ತಿನಲ್ಲಿ.

ಆ ಅರ್ಧ ಗಂಟೆಯಲ್ಲಿ ನಮಗೂ ಭಯ ಇರುತ್ತದೆ ಪುಟ್ಟಿ. ಮಗುವಿನ ಹೃದಯದ ಬಡಿತ ಇಳಿದರೆ? ಪಕ್ಕದ ಮಂಚದಲ್ಲಿ ಇನ್ನೊಬ್ಬಳು ಕೂಗುತ್ತಿರುತ್ತಾಳೆ. ಇರುವುದು ಎರಡೇ ಕೈ. ನಮ್ಮ ಭಯ ಸಿಟ್ಟಾಗಿ ಆಚೆ ಬರುತ್ತದೆ. ಆಮೇಲೆ "ಮಗುವಿನ ಒಳ್ಳೆಯದಕ್ಕೇ ಬೈದೆ" ಅಂತ ನಾವೇ ಸಮಾಧಾನ ಮಾಡಿಕೊಳ್ಳುತ್ತೇವೆ. ಅದು ನಿಜ ಅಲ್ಲ. ಹೆದರಿದ ಮೈ ಬಿಗಿಯುತ್ತದೆ, ನೋವು ಸರಿಯಾಗಿ ಬರುವುದಕ್ಕೂ ಅಡ್ಡಿಯಾಗುತ್ತದೆ. ಸಿಬ್ಬಂದಿ ಸಾಲದಿದ್ದರೆ ಮೇಲಿನವರನ್ನು ಕೇಳು, ಬರೆದು ಕೊಡು, ಜಗಳ ಬೇಕಾದರೂ ಆಡು. ಮಂಚದ ಮೇಲೆ ಮಲಗಿದವಳು ಏನು ತಪ್ಪು ಮಾಡಿದ್ದಾಳೆ?

ಆ ಹೊತ್ತಿನಲ್ಲಿ ನಿನ್ನ ದನಿ ತಗ್ಗಿರಲಿ. "ಮೂರನೇ ಬೆಡ್" ಅನ್ನಬೇಡ, ಹೆಸರು ಹಿಡಿದು ಕರೆ. ನಾಲ್ಕು ಜನ ಒಟ್ಟಿಗೆ "ಮುಕ್ಕು, ಮುಕ್ಕು" ಅಂತ ಕೂಗಿದರೆ ಅವಳಿಗೆ ಏನೂ ಕೇಳಿಸುವುದಿಲ್ಲ. ಒಬ್ಬರು ಮಾತ್ರ ಮಾತಾಡಿ. ಮುಕ್ಕುವಾಗ ಮಲ ಹೋಗುವುದು ಸಹಜ, ಮಗುವಿನ ತಲೆ ಕೆಳಗೆ ಇಳಿಯುತ್ತಿದೆ ಅಂತ ಅರ್ಥ. ಮುಖ ಸಿಂಡರಿಸಬೇಡ. ಒರೆಸಿ, ಬಟ್ಟೆ ಬದಲಾಯಿಸಿ ಸುಮ್ನೆ ಮುಂದಿನ ಕೆಲಸ ನೋಡು. ಅವಳಿಗೆ ಗೊತ್ತೇ ಆಗಬಾರದು.

ಒಳ ಪರೀಕ್ಷೆಗೆ ಮುಂಚೆ ಪರದೆ ಎಳೆ, ಅವಳನ್ನು ಕೇಳು. ಸಾಕು ಅಂದರೆ ಕೈ ತೆಗೆ. ಮಗು ಬರುವ ದಾರಿ ಅಗಲ ಮಾಡುವುದಕ್ಕೆ ಕತ್ತರಿ ಹಾಕಬೇಕಾದರೂ ಯಾಕೆ ಅಂತ ಹೇಳಿ ಒಪ್ಪಿಗೆ ತಗೊಳ್ಳಬೇಕು. ಆ ಅಧ್ಯಯನದಲ್ಲಿ ಹಾಗೆ ಕೊಯ್ದ ನಾಲ್ಕರಲ್ಲಿ ಮೂರಕ್ಕೆ ಒಪ್ಪಿಗೆಯೇ ಇರಲಿಲ್ಲ. ಎಲ್ಲರಿಗೂ ರೂಢಿಯಂತೆ ಕೊಯ್ಯಬಾರದು ಅಂತ 2018ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ಇದೆ. ಗರ್ಭಕೋಶದ ಬಾಯಿ ಗಂಟೆಗೊಂದು ಸೆಂಟಿಮೀಟರ್ ತೆರೆಯಲೇಬೇಕು ಅನ್ನುವ ಹಳೇ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ ಅಂತಲೂ ಅದರಲ್ಲಿದೆ. ನಾವು ಆ ಲೆಕ್ಕ ಹಿಡಿದು ಎಷ್ಟು ಜನರನ್ನು "ನಿನ್ನದು ಯಾವಾಗ ಮುಗಿಯುತ್ತೆ?" ಅಂತ ಗದರಿಸಿದ್ದೇವೋ.

ಜೊತೆಗೆ ಬಂದವರನ್ನು ಆಚೆ ಅಟ್ಟಬೇಡ. ಅವಳು ಬೇಕು ಅಂದವರು ಪಕ್ಕದಲ್ಲಿರಲಿ. ಜೊತೆಗೊಬ್ಬರು ಇದ್ದರೆ ನೋವಿನ ಹೊತ್ತು ಕಡಿಮೆಯಾಗುತ್ತದೆ, ಸಹಜ ಹೆರಿಗೆ ಜಾಸ್ತಿಯಾಗುತ್ತದೆ ಅಂತ 15,000ಕ್ಕೂ ಹೆಚ್ಚು ಹೆಂಗಸರ ಮೇಲಿನ ಪ್ರಯೋಗಗಳನ್ನು ಒಟ್ಟಿಗೆ ನೋಡಿ ಹೇಳಿದ್ದಾರೆ.

ಸೀನಿಯರ್ ಯಾರಾದರೂ ಬೈದರೆ ಅಲ್ಲೇ ವಾದಕ್ಕೆ ನಿಲ್ಲಬೇಡ. ಹೋಗಿ ಅವಳ ತಲೆಯ ಹತ್ತಿರ ನಿಂತು ಕೈ ಹಿಡಿದುಕೋ. ಡ್ಯೂಟಿ ಮುಗಿದ ಮೇಲೆ ಸೀನಿಯರ್ ಒಬ್ಬರೇ ಸಿಕ್ಕಾಗ ಮಾತಾಡು. ಕೈ ಎತ್ತಿದರೆ ಮಾತ್ರ ಕಾಯಬೇಡ, ಅಲ್ಲೇ ತಡೆ. ನನ್ನನ್ನು ಆ ದಿನ ಯಾರೂ ತಡೆಯಲಿಲ್ಲ.

ನೀನೂ ಒಂದು ದಿನ ಸುಸ್ತಾಗಿ ಗದರಿಬಿಡಬಹುದು. ಆದರೆ ಅವಳು ಮನೆಗೆ ಹೋಗುವುದರೊಳಗೆ ಹೋಗಿ ತಪ್ಪಾಯಿತು ಅಂತ ಹೇಳು.

ಭಾನುವಾರ ಬಂದು ಹೋಗು. ಸೆಕೆಂಡ್ ಮುಳ್ಳಿನ ನನ್ನ ಹಳೇ ವಾಚು ನಿನಗೆ ಅಂತ ತೆಗೆದಿಟ್ಟಿದ್ದೇನೆ. ಹೊಸ ಸೆಲ್ ಹಾಕಿಸಿದ್ದೇನೆ.

ನಿನ್ನ ದೊಡ್ಡಮ್ಮ