ಖಾಲಿ ಮೆಮೊರಿ ಕಡಿಮೆಯಾದರೆ ಸರ್ವರ್‌ಗೆ ಅಪಾಯವಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಸರ್ವರ್ ನಿರ್ವಹಣೆ ಕುರಿತು ಬಂದ ಲೇಖನವು, ಲಿನಕ್ಸ್ ಯಂತ್ರದ ಮೆಮೊರಿ ಬಳಕೆ ಶೇ 90 ದಾಟಿದರೆ ಕ್ಯಾಷ್ ಅಳಿಸಬೇಕು, ಆಗಲೂ ಇಳಿಯದಿದ್ದರೆ ಯಂತ್ರವನ್ನು ರೀಸ್ಟಾರ್ಟ್ ಮಾಡಬೇಕು ಎಂದು ಸಲಹೆ ನೀಡಿದೆ. ಕಾಲೇಜು ಲ್ಯಾಬ್‌ಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಸರ್ವರ್ ನೋಡಿಕೊಳ್ಳುವವರು ಇದನ್ನು ಪಾಲಿಸಿದರೆ ನಷ್ಟವೇ ಹೆಚ್ಚು ಎಂಬ ಕಾರಣಕ್ಕೆ ಈ ಪತ್ರ.

ಡಿಸ್ಕ್‌ನಿಂದ ಒಮ್ಮೆ ಓದಿದ ಫೈಲುಗಳನ್ನು, ಮತ್ತೆ ಬೇಕಾದಾವೆಂದು, ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬಿಡುವಿರುವ ಮೆಮೊರಿಯಲ್ಲಿ ಉಳಿಸಿಕೊಳ್ಳುತ್ತದೆ; ಇದೇ ಕ್ಯಾಷ್. ಯಾವುದಾದರೂ ಪ್ರೋಗ್ರಾಂ ಜಾಗ ಕೇಳಿದಾಗ ಅದನ್ನು ಬಿಟ್ಟುಕೊಡುತ್ತದೆ. ಹಾಗಾಗಿ ಕೆಲವು ದಿನ ಓಡಿದ ಆರೋಗ್ಯವಂತ ಸರ್ವರ್‌ನಲ್ಲಿ ಖಾಲಿ ಮೆಮೊರಿ ತೀರಾ ಕಡಿಮೆ ಕಾಣುವುದು ಸಹಜ. ಮೆಮೊರಿಯ ಲೆಕ್ಕ ತೋರಿಸುವ 'ಫ್ರೀ' ಕಮಾಂಡ್ ಕೊಟ್ಟಾಗ ಒಟ್ಟು 15.6 ಜಿಬಿ, ಖಾಲಿ 0.4, ಬಫರ್ ಮತ್ತು ಕ್ಯಾಷ್ 9.2, ಲಭ್ಯ (ಕೇಳಿದಾಗ ಪ್ರೋಗ್ರಾಂಗಳಿಗೆ ಸಿಗಬಹುದಾದದ್ದು) 8.9 ಎಂದು ತೋರಿಸುವ ಯಂತ್ರವನ್ನೇ ತೆಗೆದುಕೊಳ್ಳಿ. ಒಟ್ಟು ಮೆಮೊರಿಯಲ್ಲಿ ಖಾಲಿಯನ್ನಷ್ಟೇ ಕಳೆಯುವ ಮಾನಿಟರಿಂಗ್ ಸಾಧನ ಬಳಕೆ ಶೇ 97 ಎಂದು ಕೆಂಪು ದೀಪ ಹಚ್ಚುತ್ತದೆ. ಲಭ್ಯ ಮೆಮೊರಿಯನ್ನು ಕಳೆಯುವ ಸಾಧನ ಅದೇ ಕ್ಷಣದಲ್ಲಿ, ಅದೇ ಯಂತ್ರಕ್ಕೆ ಶೇ 43 ಎನ್ನುತ್ತದೆ. ಇಲ್ಲಿ ಕ್ಯಾಷ್ ಅಳಿಸಿದರೆ ಅಂಕಿ ಇಳಿಯುತ್ತದೆ, ನಿಜ. ಆದರೆ ಡೇಟಾಬೇಸ್ ತನ್ನ ಫೈಲುಗಳನ್ನು ಮತ್ತೆ ಡಿಸ್ಕ್‌ನಿಂದಲೇ ಓದಬೇಕಾಗಿ ಬಂದು, ಬಳಕೆದಾರರ ಕೆಲಸ ನಿಧಾನವಾಗುತ್ತದೆ.

ಈ ಗೊಂದಲ ಹೊಸದಲ್ಲ. ಇದನ್ನು ನಿವಾರಿಸಲೆಂದೇ 2014ರಲ್ಲಿ ಬಂದ ಲಿನಕ್ಸ್ 3.14ನೇ ಆವೃತ್ತಿಯಲ್ಲಿ, ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಬಳಸದೆ ಹೊಸ ಪ್ರೋಗ್ರಾಂಗಳಿಗೆ ಎಷ್ಟು ಮೆಮೊರಿ ಸಿಗಬಹುದೆಂದು ಅಂದಾಜಿಸುವ 'ಮೆಮ್ ಅವೈಲಬಲ್' ಎಂಬ ಸಾಲನ್ನು ಕರ್ನಲ್‌ಗೇ ಸೇರಿಸಲಾಯಿತು. ಕ್ಯಾಷ್ ಮತ್ತು ಖಾಲಿಯನ್ನು ನಾವೇ ಕೂಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು, ಏಕೆಂದರೆ ಮೆಮೊರಿಯಲ್ಲೇ ಇರುವ ಟಿಎಂಪಿಎಫ್‌ಎಸ್ ಫೈಲುಗಳೂ ಪ್ರಕ್ರಿಯೆಗಳು (ಓಡುತ್ತಿರುವ ಪ್ರೋಗ್ರಾಂಗಳು) ಹಂಚಿಕೊಂಡ ಮೆಮೊರಿಯೂ ಕ್ಯಾಷ್ ಲೆಕ್ಕದಲ್ಲೇ ಸೇರಿರುತ್ತವೆ, ಅವನ್ನು ಕರ್ನಲ್ ಸುಮ್ಮನೆ ಎಸೆಯುವಂತಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಝಡ್‌ಎಫ್‌ಎಸ್ ಫೈಲ್ ವ್ಯವಸ್ಥೆಯ ಕ್ಯಾಷ್ ಬಹುಪಾಲು ಮರಳಿ ಪಡೆಯಬಹುದಾದದ್ದೇ ಆಗಿದ್ದರೂ ಬಳಕೆಯಾದ ಮೆಮೊರಿಯ ಲೆಕ್ಕಕ್ಕೆ ಹೋಗುತ್ತದೆ. ಪ್ರೋಗ್ರಾಂಗಳನ್ನು ಪ್ರತ್ಯೇಕಿಸಿ ಓಡಿಸುವ ಕಂಟೇನರ್‌ನೊಳಗೆ 'ಫ್ರೀ' ಓಡಿಸಿದರಂತೂ ಸಾಮಾನ್ಯವಾಗಿ ಕಾಣುವುದು ಕಂಟೇನರ್‌ನ ಮಿತಿಯಲ್ಲ, ಇಡೀ ಯಂತ್ರದ ಮೆಮೊರಿ.

ಒಂದೊಂದು ಪ್ರಕ್ರಿಯೆಯ ಆರ್‌ಎಸ್‌ಎಸ್ (ಅದು ಮೆಮೊರಿಯಲ್ಲಿ ಹಿಡಿದಿರುವ ಜಾಗ) ಅಂಕಿಗಳನ್ನು ಕೂಡಿ ಒಟ್ಟು ಬಳಕೆ ಹೇಳುವುದೂ ತಪ್ಪೇ. ಹತ್ತು ಪ್ರಕ್ರಿಯೆಗಳು ಹಂಚಿಕೊಂಡಿರುವ ಲೈಬ್ರರಿ (ಸಿದ್ಧ ಕೋಡ್‌ನ ಸಂಗ್ರಹ) ಆ ಲೆಕ್ಕದಲ್ಲಿ ಹತ್ತು ಸಲ ಬರುತ್ತದೆ. ಪಿಎಸ್‌ಎಸ್ ಎಂಬ ಇನ್ನೊಂದು ಅಂಕಿ ಅದನ್ನು ಆ ಪ್ರಕ್ರಿಯೆಗಳ ನಡುವೆ ಪಾಲು ಮಾಡಿ ಕೊಡುತ್ತದೆ.

ಮೆಮೊರಿ ನಿಜಕ್ಕೂ ಸಾಲದೆ ಹೋದಾಗ ಅದರ ಲಕ್ಷಣಗಳೇ ಬೇರೆ: ಲಭ್ಯ ಮೆಮೊರಿ ಸತತವಾಗಿ ಕುಸಿಯುತ್ತದೆ, ಸ್ವಾಪ್‌ನಲ್ಲಿ ಓದು–ಬರಹ ನಿಲ್ಲದೆ ನಡೆಯುತ್ತದೆ, ಮೆಮೊರಿ ಸಿಗದೆ ಪ್ರಕ್ರಿಯೆಗಳು ಕಾಯುವ ಸಮಯ ಏರುತ್ತದೆ. ಈ ಕಾಯುವಿಕೆಯನ್ನೇ ಅಳೆಯುವ ಪಿಎಸ್‌ಐ ಎಂಬ ಸೌಲಭ್ಯ 2018ರ ಕೊನೆಗೆ ಬಂದ 4.20ನೇ ಆವೃತ್ತಿಯಿಂದ ಕರ್ನಲ್‌ನಲ್ಲಿದೆ. ಎಚ್ಚರಿಕೆಯ ಗಂಟೆಯನ್ನು ಇವುಗಳಿಗೆ ಕಟ್ಟಬೇಕೇ ಹೊರತು ಖಾಲಿ ಮೆಮೊರಿಗಲ್ಲ. ಲೇಖನದಲ್ಲಿನ ಸಲಹೆಗೆ ದಯವಿಟ್ಟು ತಿದ್ದುಪಡಿ ಪ್ರಕಟಿಸಿ. ಮುಂದೆ ಇಂಥ ಲೇಖನಗಳಲ್ಲಿ ಶೇಕಡಾವಾರು ಅಂಕಿ ಕೊಡುವಾಗ ಅದನ್ನು ಯಾವ ಲೆಕ್ಕದಿಂದ ಪಡೆಯಲಾಗಿದೆ ಎಂಬುದನ್ನೂ ತಿಳಿಸುವಂತೆ ಲೇಖಕರಿಗೆ ಸೂಚಿಸಬೇಕೆಂದು ವಿನಂತಿ.

– ಒಬ್ಬ ಸಿಸ್ಟಂ ಅಡ್ಮಿನಿಸ್ಟ್ರೇಟರ್, ಮೈಸೂರು