ಉಸ್ತುವಾರಿ ಸಚಿವರೇ, ಬಾಡಿಗೆ ಮನೆಯವರನ್ನೂ ಲೆಕ್ಕಕ್ಕೆ ತಗೊಳ್ಳಿ

ದಾವಣಗೆರೆ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರಗಳು.

ಬಡವರಿಗೆ ಮನೆ ಅಂದ ಕೂಡಲೇ ನಮ್ಮೂರಲ್ಲಿ ಮಾತು ಸೈಟಿನಿಂದ ಶುರುವಾಗುತ್ತದೆ. ಸ್ವಂತ ಜಾಗ ಇದ್ದವರಿಗೆ ಮನೆ ಕಟ್ಟಿಕೊಳ್ಳಲು ಪ್ರಧಾನಮಂತ್ರಿ ಆವಾಸ್ ಯೋಜನೆಯ ಸಹಾಯಧನವಿದೆ. ಅಂಗೈ ಅಗಲ ಜಾಗವೂ ಇಲ್ಲದೆ ಬಾಡಿಗೆ ಮನೆಯಲ್ಲೇ ಬಾಳುವವರ ಗತಿ ಏನು? ಅವರಿಗಾಗಿ ಈ ಪತ್ರ.

ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹೆಂಗಸರನ್ನು ಕೇಳಿ. ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರನ್ನು ಕೇಳಿ. ಅವರಿಗೆ ಕೂಲಿ ಆಯಾ ದಿನದ್ದು, ಬಾಡಿಗೆ ತಿಂಗಳದ್ದು. ಕೆಲಸ ಇಲ್ಲದ ವಾರಕ್ಕೂ ಬಾಡಿಗೆ ಕಟ್ಟಲೇಬೇಕು. ಅದಕ್ಕಿಂತ ದೊಡ್ಡ ಹೊರೆ ಅಡ್ವಾನ್ಸ್. ಮನೆ ಖಾಲಿ ಮಾಡಿ ಅಂದರೆ ಸಾಕು, ಸಂಘದಲ್ಲಿ ಸಾಲ, ಫೈನಾನ್ಸ್‌ನಲ್ಲಿ ಸಾಲ, ಕೊನೆಗೆ ಕಿವಿಯ ಓಲೆ ಗಿರವಿ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಪ್ರಕಾರ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಕೇಳುವಂತಿಲ್ಲ. ಆದರೆ ಅದು ಮಾದರಿ ಅಷ್ಟೇ, ಕಾನೂನು ಮಾಡಬೇಕಾದ್ದು ರಾಜ್ಯ. ಸಂಪುಟದಲ್ಲಿ ಕೂರುವವರು ನೀವು. ಅಲ್ಲಿ ಈ ಮಾತು ಎತ್ತಬಹುದಲ್ವಾ?

ಇನ್ನೊಂದು ಕಡೆ, ಹೊಸ ಬಡಾವಣೆಗಳ ಎಷ್ಟೋ ಸೈಟುಗಳಲ್ಲಿ ಜಾಲಿ ಬೆಳೆದು ನಿಂತಿದೆ. ಬೆಲೆ ಏರಲಿ ಅಂತ ಸುಮ್ನೆ ಬಿಟ್ಟ ಜಾಗಗಳವು. ಮಕ್ಕಳ ಓದಿಗೆ, ಮದುವೆಗೆ ಅಂತ ಒಂದು ಸೈಟು ಇಟ್ಟುಕೊಂಡವರ ಮೇಲೆ ನನಗೆ ತಕರಾರಿಲ್ಲ. ಮೂರು ನಾಲ್ಕು ಸೈಟು ವರ್ಷಗಟ್ಟಲೆ ಖಾಲಿ ಬಿಟ್ಟವರಿಗೆ ತೆರಿಗೆ ಏರಿಸಿ. ಆ ಹಣವನ್ನು ಬಾಡಿಗೆ ಮನೆ ಕಟ್ಟಲೆಂದೇ ಎತ್ತಿಡಿ.

ಹೌದು, ಸರ್ಕಾರವೇ ಕಟ್ಟಿಸಿ ಕಡಿಮೆ ಬಾಡಿಗೆಗೆ ಕೊಡುವ ಮನೆಗಳು ನಮಗೆ ಬೇಕು. 2024ರಲ್ಲಿ ಶುರುವಾದ ನಗರ ಆವಾಸ್ 2.0 ಯೋಜನೆಯಲ್ಲಿ ಬಾಡಿಗೆ ಮನೆಗಳಿಗೆಂದೇ ಒಂದು ಭಾಗವಿದೆ. ಜಾಗವನ್ನು ಪಾಲಿಕೆ ಮತ್ತು ನಗರಾಭಿವೃದ್ಧಿ ಪ್ರಾಧಿಕಾರ (ದೂಡಾ) ಸೇರಿ ಹುಡುಕಲಿ. ಆದರೆ ಊರಾಚೆಯ ಹೊಲದಲ್ಲಿ ಬೇಡ. ನಸುಕಿನಲ್ಲೇ ಭಟ್ಟಿಗೆ ಹೊರಡುವ ಹೆಣ್ಣುಮಗಳು ನಡೆದೇ ಹೋಗುವಷ್ಟು ಹತ್ತಿರ ಇರಬೇಕು. ಬಾಡಿಗೆಯಲ್ಲಿ ಉಳಿದದ್ದು ಆಟೋಗೇ ಹೋದರೆ ಏನು ಬಂತು?

ನಗರದೊಳಗೆ ಸರ್ಕಾರದ ಖಾಲಿ ಜಾಗ ಎಲ್ಲೆಲ್ಲಿದೆ, ಬಾಡಿಗೆ ಮನೆಯಲ್ಲಿರುವ ಕೂಲಿ ಕುಟುಂಬಗಳು ಯಾವ ವಾರ್ಡಿನಲ್ಲಿ ಎಷ್ಟಿವೆ? ಜಿಲ್ಲೆಯ ಕೆಲಸಗಳ ಪ್ರಗತಿ ನೋಡುವ ಮುಂದಿನ ಕೆಡಿಪಿ ಸಭೆಯಲ್ಲಿ ಅಧಿಕಾರಿಗಳಿಂದ ಈ ಎರಡು ಪಟ್ಟಿ ಕೇಳಿ, ಜನರ ಮುಂದೆ ಇಡಿಸಿ.

ಇಂತಿ,
ದಾವಣಗೆರೆಯ ಒಬ್ಬ ಮತದಾರ