ಸಣ್ಣ ಮ್ಯಾಗ್ನೆಟಿಕ್ ಸ್ಟ್ಯಾಂಡಿನ ದೋಷ ಹಾಗೂ ತಪ್ಪು ವಿವರಣೆ ಕುರಿತು ದೂರು

ಇಂದ:
ಲೇಥ್ ವರ್ಕ್‌ಶಾಪ್ ಮಾಲೀಕ,
ಕಪನೂರ ಕೈಗಾರಿಕಾ ಪ್ರದೇಶ, ಕಲಬುರಗಿ

ಗೆ:
ಗ್ರಾಹಕರ ಕುಂದುಕೊರತೆ ಅಧಿಕಾರಿಗಳು,
ಅಳತೆ ಉಪಕರಣಗಳ ಆನ್‌ಲೈನ್ ಮಾರಾಟ ಸಂಸ್ಥೆ

ವಿಷಯ: ಡಯಲ್ ಇಂಡಿಕೇಟರ್ (ಮುಳ್ಳಿನ ಮೂಲಕ ಸೂಕ್ಷ್ಮ ಏರುಪೇರು ತೋರಿಸುವ ಅಳತೆ ಉಪಕರಣ) ಹಿಡಿಯುವ ಸಣ್ಣ ಮ್ಯಾಗ್ನೆಟಿಕ್ ಸ್ಟ್ಯಾಂಡನ್ನು ಹಿಂಪಡೆದು ಹಣ ಮರಳಿಸುವ ಬಗ್ಗೆ

ಮಾನ್ಯರೇ,

ಕಳೆದ ತಿಂಗಳ 12ರಂದು 1,850 ರೂಪಾಯಿ ಪಾವತಿಸಿ ನಿಮ್ಮಿಂದ ತರಿಸಿಕೊಂಡ ಸ್ಟ್ಯಾಂಡ್ ಲೇಥಿಗೆ ಗಟ್ಟಿಯಾಗಿಯೇ ಅಂಟಿಕೊಳ್ಳುತ್ತದೆ. ಆದರೆ ಅದಕ್ಕೆ ಕಟ್ಟಿದ ಡಯಲ್ ಮಾತ್ರ ಅಲುಗಾಡುತ್ತದೆ. ನಾನು ಎರಡು ಬಾರಿ ಕರೆ ಮಾಡಿದಾಗಲೂ ನಿಮ್ಮ ಸಿಬ್ಬಂದಿ ಆಯಸ್ಕಾಂತದ ಹಿಡಿತವನ್ನಷ್ಟೇ ಸಮರ್ಥಿಸಿಕೊಂಡರು. ನನ್ನ ದೂರು ಹಿಡಿತದ ಬಗ್ಗೆ ಅಲ್ಲವೆಂಬುದು ಅವರಿಗೆ ಮನದಟ್ಟಾಗದ ಕಾರಣ ಈ ಪತ್ರ ಬರೆಯಬೇಕಾಯಿತು.

ತೊಗರಿಯ ಕಣಜವೆನಿಸಿದ ನಮ್ಮ ಜಿಲ್ಲೆಯಲ್ಲಿ ದಾಲ್ ಮಿಲ್‌ಗಳ ಶಾಫ್ಟ್ ರಿಪೇರಿಯೇ ನನ್ನ ಮುಖ್ಯ ಕೆಲಸ. ಶಾಫ್ಟನ್ನು ಲೇಥಿನ ನಾಲ್ಕು ದವಡೆಯ ಚಕ್‌ಗೆ (ಕೆಲಸದ ತುಂಡನ್ನು ಹಿಡಿದು ತಿರುಗಿಸುವ ಭಾಗ) ಕಟ್ಟಿ, ಡಯಲ್ ಹಚ್ಚಿ, ಸೆಂಟರಿಗೆ ತಂದ ಮೇಲೆಯೇ ಬೇರಿಂಗ್ ಕೂರುವ ಜಾಗವನ್ನು ಟರ್ನಿಂಗ್ ಮಾಡಬೇಕು. ನನ್ನಲ್ಲಿ ಮೊದಲೇ ಇರುವ ದೊಡ್ಡ ಸ್ಟ್ಯಾಂಡಿನ ಬೇಸ್ ಸುಮಾರು 60 ಮಿ.ಮೀ. ಉದ್ದ, 50 ಮಿ.ಮೀ. ಅಗಲವಿದ್ದು, ಕತ್ತರಿಸುವ ಟೂಲನ್ನು ಹಿಡಿಯುವ ಟೂಲ್ ಪೋಸ್ಟಿನ ಪಕ್ಕದ ಕಿರಿದಾದ ಜಾಗದಲ್ಲಿ ಕೂರುವುದಿಲ್ಲ. ಸಣ್ಣ ಬೇಸಿನಲ್ಲಿ ಆಯಸ್ಕಾಂತದ ಬಲ ಕಡಿಮೆ ಇರುತ್ತದೆಂಬುದನ್ನು ತಿಳಿದೇ ಇದನ್ನು ಆರಿಸಿಕೊಂಡೆ. ಡಯಲ್‌ನ ಭಾರ ಎಷ್ಟು ಮಹಾ? ಅದಕ್ಕೆ ಬೇಕಾದದ್ದು ಅಗಾಧ ಬಲವಲ್ಲ, ಸಮತಟ್ಟಾದ ತಳ ಮತ್ತು ಬಾಗದ ತೋಳು. ಇವೆರಡೂ ನೀವು ಕಳುಹಿಸಿದ ಸ್ಟ್ಯಾಂಡಿನಲ್ಲಿಲ್ಲ.

ಸರ್ಫೇಸ್ ಪ್ಲೇಟಿಗೆ (ನಿಖರವಾಗಿ ಸಮತಟ್ಟಾದ ಹಲಗೆ) ಮಾರ್ಕಿಂಗ್ ಬ್ಲೂ ಎಂಬ ನೀಲಿ ಬಣ್ಣ ತೆಳುವಾಗಿ ಸವರಿ, ಆಯಸ್ಕಾಂತದ ಸ್ವಿಚ್ ಆಫ್ ಇಟ್ಟು, ಬೇಸನ್ನು ಅದರ ಮೇಲೆ ಮೆಲ್ಲಗೆ ಉಜ್ಜಿ ಎತ್ತಿ ನೋಡಿದಾಗ ಎದುರುಬದುರಿನ ಎರಡು ಮೂಲೆಗಳಿಗೆ ಮಾತ್ರ ನೀಲಿ ಹತ್ತಿತ್ತು. ಉಳಿದ ಭಾಗ ಬೆಳ್ಳಗೆ ಹೊಳೆಯುತ್ತಿತ್ತು. ಎರಡೇ ಮೂಲೆಗಳ ಮೇಲೆ ನಿಂತ ಬೇಸ್ ತೊಟ್ಟಿಲಿನಂತೆ ತೂಗದೆ ಇನ್ನೇನು ಮಾಡೀತು? ಲೇಥಿನ ಮೇಲಿನ ಪೇಂಟ್ ಇದಕ್ಕೆ ಕಾರಣವೆಂದು ನಿಮ್ಮವರು ಹೇಳಿದರು. ನಾನು ಬೇಸ್ ಇಟ್ಟದ್ದು ಪೇಂಟೇ ಇಲ್ಲದ, ಗ್ರೈಂಡಿಂಗ್ ಆದ ಜಾಗದಲ್ಲಿ.

ತೋಳಿನದು ಇದಕ್ಕಿಂತ ದೊಡ್ಡ ದೋಷ. ಸಲಾಕೆ ತೆಳುವಾಗಿದ್ದು, ಕೀಲುಗಳ ತಿರುಪನ್ನು ಕೈಯಿಂದ ಎಷ್ಟು ಬಿಗಿದರೂ ಒಳಗೆ ಸಡಿಲ ಉಳಿಯುತ್ತದೆ. 0.01 ಮಿ.ಮೀ. ಗೆರೆಗಳ ಡಯಲನ್ನು ಶಾಫ್ಟಿಗೆ ತಾಗಿಸಿ ಸೊನ್ನೆಗೆ ತಂದು, ತೋಳನ್ನು ಬೆರಳಿನಿಂದ ಒಂದಿಷ್ಟು ಒತ್ತಿ ಬಿಟ್ಟರೆ ಮುಳ್ಳು ಸೊನ್ನೆಗೆ ಮರಳದೆ ನಾಲ್ಕು ಗೆರೆ ಆಚೆ ನಿಲ್ಲುತ್ತದೆ. ಇನ್ನೊಂದು ಬದಿಯಿಂದ ಒತ್ತಿದರೆ ಈಚೆ ನಿಲ್ಲುತ್ತದೆ. ನಾಲ್ಕು ಗೆರೆ ಎಂದರೆ 40 ಮೈಕ್ರಾನ್. 40 ಮಿ.ಮೀ. ಬೇರಿಂಗಿನ ಶಾಫ್ಟಿಗೆ ಸಾಮಾನ್ಯವಾಗಿ ಇಡುವ ಕೆ6 ಎಂಬ ಅಳತೆ ಮಿತಿಯ ದರ್ಜೆಯಲ್ಲಿ ಮೇಲಿನ ಮತ್ತು ಕೆಳಗಿನ ಮಿತಿಗಳ ನಡುವಿನ ಅಂತರವೇ 16 ಮೈಕ್ರಾನ್ ಇರುವಾಗ, ಈ ಸ್ಟ್ಯಾಂಡನ್ನು ನಂಬಿ ಟೂಲ್ ಹಚ್ಚುವುದು ಹೇಗೆ? ಒಂದು ಶಾಫ್ಟಿನಲ್ಲಿ ಇದು ಪೂರ್ಣ ಸುತ್ತಿಗೆ ಮೂರು ಗೆರೆ ತೋರಿಸಿತು. ಅನುಮಾನ ಬಂದು ಟೂಲ್ ಪೋಸ್ಟನ್ನೇ ಬಿಚ್ಚಿಟ್ಟು ದೊಡ್ಡ ಸ್ಟ್ಯಾಂಡ್ ಕೂರಿಸಿ ನೋಡಿದರೆ ಎಂಟು ಗೆರೆ ಬಂತು. ಸಣ್ಣ ಸ್ಟ್ಯಾಂಡಿನಲ್ಲಿ ಶಾಫ್ಟ್ ದೂಡಿದಾಗ ಡಯಲ್‌ನ ಮುಳ್ಳು ಓಡುವ ಬದಲು ತೋಳೇ ಹಿಂದೆ ಸರಿಯುತ್ತಿತ್ತು. ಪುಣ್ಯಕ್ಕೆ ಇನ್ನೂ ಕಟ್ಟಿಂಗ್ ಆರಂಭಿಸಿರಲಿಲ್ಲ.

ಇನ್ನು ಡಯಲನ್ನು ಹಿಡಿಯುವ ಕ್ಲ್ಯಾಂಪಿನ ವಿಚಾರ. ಜಾಹೀರಾತಿನಲ್ಲಿ 8 ಮಿ.ಮೀ. ಕಾಂಡದ ಡಯಲ್‌ಗೆ ಹೊಂದುತ್ತದೆಂದು ಸ್ಪಷ್ಟವಾಗಿ ಬರೆದಿದ್ದೀರಿ. ಬಂದದ್ದು 3/8 ಇಂಚಿನ, ಅಂದರೆ ಸುಮಾರು 9.5 ಮಿ.ಮೀ. ರಂಧ್ರ, ಜೊತೆಗೆ ಆ ಅಂತರ ತುಂಬುವ ಬುಷ್ (ಒಳಬಳೆ) ಕೂಡ ಇಲ್ಲ. ತಂಪು ಪಾನೀಯದ ಡಬ್ಬಿಯ ತಗಡನ್ನು ಕತ್ತರಿಸಿ ಸುತ್ತಿಕೊಳ್ಳಿ ಎಂಬ ಸಲಹೆ ನಿಮ್ಮ ಸಹಾಯವಾಣಿಯಿಂದಲೇ ಬಂತು. ಹಾಗೆ ಸುತ್ತಿ ಅತಿಯಾಗಿ ಬಿಗಿದರೆ ಕಾಂಡ ಅದುಮಿ ಒಳಗಿನ ಕಡ್ಡಿ ಸಿಕ್ಕಿಕೊಳ್ಳುತ್ತದೆ, ಬಿಗಿಯದಿದ್ದರೆ ಡಯಲ್ ಜಾರುತ್ತದೆ. ತಗಡು ಸುತ್ತುವ ಉಪಾಯ ನನಗೆ ಗೊತ್ತಿರಲಿಲ್ಲವೆಂದಲ್ಲ. ಅದಕ್ಕೆ 1,850 ರೂಪಾಯಿ ಕೊಡಬೇಕೆಂಬುದು ಗೊತ್ತಿರಲಿಲ್ಲ.

ನೋಡದೆ ಕೊಂಡದ್ದು ನನ್ನ ತಪ್ಪೆಂದು ಒಪ್ಪಿಕೊಳ್ಳಬಹುದಿತ್ತು, ನೋಡಲು ಬೇಕಾದ ವಿವರಗಳನ್ನಾದರೂ ನೀವು ಕೊಟ್ಟಿದ್ದರೆ. ಆಯಸ್ಕಾಂತದ ಬಲವನ್ನು ದಪ್ಪಕ್ಷರಗಳಲ್ಲಿ ಮುದ್ರಿಸಿದ ನೀವು ಅದನ್ನು ಎಷ್ಟು ದಪ್ಪದ ಉಕ್ಕಿನ ಮೇಲೆ ಅಳೆದಿರೆಂದು ಹೇಳಿಲ್ಲ. ಸಲಾಕೆಯ ವ್ಯಾಸವನ್ನಂತೂ ಎಲ್ಲಿಯೂ ನಮೂದಿಸಿಲ್ಲ. ಉದ್ದ ಎರಡು ಪಟ್ಟಾದರೆ ಬಾಗು ಎಂಟು ಪಟ್ಟಾಗುತ್ತದೆ, ವ್ಯಾಸ ಅರ್ಧವಾದರೆ ಹದಿನಾರು ಪಟ್ಟಾಗುತ್ತದೆ. ಹೀಗಿರುವಾಗ ಕೊಳ್ಳುವವನು ಮೊದಲು ಕೇಳುವ ಅಳತೆ ಅದೇ.

ಒಂದೇ ಲೇಥ್ ಇಟ್ಟುಕೊಂಡು ಸ್ವಂತ ದುಡಿಮೆಯಿಂದ ಬದುಕುವ ನಾನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕನೇ ಆಗಿದ್ದೇನೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಈ ದೂರು ತಲುಪಿದ 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು. ಆ ಅವಧಿಯೊಳಗೆ ಸ್ಟ್ಯಾಂಡನ್ನು ನಿಮ್ಮ ಖರ್ಚಿನಲ್ಲಿ ಹಿಂಪಡೆದು ಪೂರ್ಣ ಹಣ ಮರಳಿಸಬೇಕೆಂದು ಕೋರುತ್ತೇನೆ. ಇದೇ ಮಾದರಿಯ ಬದಲಿ ಸ್ಟ್ಯಾಂಡ್ ನನಗೆ ಬೇಡ. ತಪ್ಪಿದಲ್ಲಿ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.

ಬಿಲ್ಲಿನ ಪ್ರತಿ, ನೀಲಿ ಹತ್ತಿದ ತಳದ ಫೋಟೊ ಹಾಗೂ ಮುಳ್ಳು ಮರಳದಿರುವ ವಿಡಿಯೊವನ್ನು ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ,
ಲೇಥ್ ವರ್ಕ್‌ಶಾಪ್ ಮಾಲೀಕ, ಕಲಬುರಗಿ